ಬೀಗ ಅದೇ, ಕೀಲಿ ಮಾತ್ರ ಬೇರೆ

ಡೆಂಗ್ಯೂ ದಯೆಯಿಂದ ಪ್ಲೇಟ್‌ಲೆಟ್ ಅನ್ನೋ ಪದ ಈಗ ಎಲ್ಲರಿಗೂ ಗೊತ್ತು. ಆದರೆ ಪ್ಲೇಟ್‌ಲೆಟ್ ತಯಾರಿಸು ಅಂತ ಮೂಳೆಮಜ್ಜೆಗೆ ಆರ್ಡರ್ ಕೊಡೋದು ಯಾರು? ಥ್ರಾಂಬೊಪೊಯೆಟಿನ್ ಎಂಬ ಪ್ರೋಟೀನ್. ಅದು ಜೀವಕೋಶದ ಮೇಲಿರುವ ರಿಸೆಪ್ಟರ್‌ಗೆ ಹೋಗಿ ಕೂರುತ್ತದೆ, ಕೋಶ ಕೆಲಸ ಶುರು ಮಾಡುತ್ತದೆ. ಬೀಗ ಮತ್ತು ಕೀಲಿ ಇದ್ದಂತೆ.

1994ರಲ್ಲಿ ಈ ಕೀಲಿ ಪತ್ತೆಯಾಯಿತು. ಹಾಗಾದರೆ ಅದನ್ನೇ ಲ್ಯಾಬಿನಲ್ಲಿ ತಯಾರಿಸಿ ಚುಚ್ಚಿದರೆ ಆಯ್ತಲ್ಲ? ಹಾಗೇ ಮಾಡಿದರು. ಅದರ ಒಂದು ರೂಪವನ್ನು ಪಡೆದ ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿತು. ಆ ಪ್ರತಿಕಾಯಗಳು ಅವರ ಸ್ವಂತ ಥ್ರಾಂಬೊಪೊಯೆಟಿನ್ ಮೇಲೂ ಬಿದ್ದವು. ಪ್ಲೇಟ್‌ಲೆಟ್ ಏರುವ ಬದಲು ಕುಸಿಯಿತು. ಹೀಗಾದವರಲ್ಲಿ ಯಾವ ಕಾಯಿಲೆಯೂ ಇಲ್ಲದ ಸ್ವಯಂಸೇವಕರೂ ಇದ್ದರು. 1998ರಲ್ಲಿ ಆ ಪ್ರಯೋಗ ನಿಂತಿತು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ಇಂಜಿನಿಯರಿಂಗ್ ಓದಿದ ನನಗೆ ತುಂಬಾ ಇಷ್ಟವಾಗೋದು ಇದೇ. ಕೀಲಿಯನ್ನು ನಕಲು ಮಾಡಬೇಡಿ. ಕೋಟ್ಯಂತರ ಯಾದೃಚ್ಛಿಕ ಪೆಪ್ಟೈಡ್‌ಗಳನ್ನು, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಗಳನ್ನು, ಬೀಗದ ಮುಂದೆ ಸುರಿಯಿರಿ. ಅಂಟಿದ್ದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ತೊಳೆದುಬಿಡಿ, ಮತ್ತೆ ಮಾಡಿ. ಒಂದೊಂದು ವೈರಸ್ ಮೈಮೇಲೆ ಒಂದೊಂದು ಪೆಪ್ಟೈಡ್ ಕೂರಿಸುವ ಉಪಾಯವನ್ನು 1985ರಲ್ಲಿ ತೋರಿಸಿದ್ದು ಜಾರ್ಜ್ ಸ್ಮಿತ್. 2018ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

1997ರಲ್ಲಿ ಇಂಥ ಹುಡುಕಾಟದಿಂದ 14 ಅಮೈನೋ ಆಮ್ಲಗಳ ಪೆಪ್ಟೈಡ್ ಒಂದು ಹೊರಬಂತು. ಅಸಲಿ ಪ್ರೋಟೀನ್‌ನಲ್ಲಿರೋದು 332! ಆದರೆ ಅಂಟೋದು ಬೇರೆ, ಬೀಗ ತೆರೆಯೋದು ಬೇರೆ. ಈ ಪೆಪ್ಟೈಡ್‌ನ ಎರಡು ಪ್ರತಿಗಳನ್ನು ಜೋಡಿಸಿದಾಗ ಅದು ಅಸಲಿಯಷ್ಟೇ ಬಲವಾಗಿ ಕೆಲಸ ಮಾಡಿತು. ಒಂಟಿ ಪೆಪ್ಟೈಡ್ ದೇಹದಲ್ಲಿ ಬೇಗ ಮಾಯವಾಗುತ್ತದೆ ಅಂತ ಅದನ್ನು ಪ್ರತಿಕಾಯದ ಒಂದು ತುಂಡಿಗೆ ಕಟ್ಟಿದರು. ಅದೇ ರೊಮಿಪ್ಲೋಸ್ಟಿಮ್. ದೇಹವೇ ತನ್ನ ಪ್ಲೇಟ್‌ಲೆಟ್ ನಾಶ ಮಾಡುವ ಐಟಿಪಿ ಕಾಯಿಲೆಗೆ 2008ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. (ಡೆಂಗ್ಯೂಗೆ ಇದು ಮದ್ದಲ್ಲ.)

ಇದರ ಅನುಕ್ರಮಕ್ಕೂ ಅಸಲಿ ಪ್ರೋಟೀನ್‌ಗೂ ಹೋಲಿಕೆಯೇ ಇಲ್ಲ. ಹಾಗಾಗಿ ದೇಹ ಇದರ ಮೇಲೆ ಸಿಟ್ಟಾದರೂ ಆ ಸಿಟ್ಟು ಸ್ವಂತ ಥ್ರಾಂಬೊಪೊಯೆಟಿನ್ ಕಡೆ ತಿರುಗುವ ಭಯ ಕಡಿಮೆ.

ಹಾಗಂತ ಹೊಸ ಕೀಲಿ ಎಲ್ಲವೂ ಸುರಕ್ಷಿತವಲ್ಲ. ಕೆಂಪು ರಕ್ತಕಣ ಹೆಚ್ಚಿಸಲು ಇದೇ ದಾರಿಯಲ್ಲಿ ಹುಟ್ಟಿದ ಪೆಜಿನೆಸಟೈಡ್‌ಗೆ 2012ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ತೀವ್ರ ಅಲರ್ಜಿಯಿಂದ ರೋಗಿಗಳು ಸತ್ತ ವರದಿಗಳು ಬಂದು, 2013ರ ಫೆಬ್ರವರಿಯಲ್ಲಿ ಅದನ್ನು ವಾಪಸ್ ಪಡೆದರು. ಮಾರುಕಟ್ಟೆಗೆ ಬಂದ ಮೇಲೂ ಅಡ್ಡಪರಿಣಾಮ ದಾಖಲಿಸೋ ವ್ಯವಸ್ಥೆ ಇದ್ದದ್ದಕ್ಕೇ ಅದು ಗೊತ್ತಾಯಿತು. ‘ಔಷಧ ಕಂಡುಹಿಡಿದರು’ ಅಂತ ಸುದ್ದಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಲೆಕ್ಕ ಇಡ್ತಿರೋದು ಯಾರು, ಅದು ಜನರಿಗೆ ಕಾಣುತ್ತಾ?