ಊರ ಬೊಕ್ಕಸದ ವರ್ಷಚಕ್ರ

ಶಿರಸಿಯಿಂದ ಯಲ್ಲಾಪುರಕ್ಕೆ ಸಾಗುವ ಮಾರ್ಗದಲ್ಲಿ, ಇಕ್ಕೆಲದಿಂದ ಒತ್ತಿ ನಿಂತ ಕಾಡು ಒಂದೆಡೆ ತುಸು ಹಿಂದೆ ಸರಿದು, ಕೆಲವು ಅಂಗಡಿಗಳಿಗೂ ಶಾಲೆಗಳಿಗೂ ಬಸ್ಸಿಗಾಗಿ ಕಾಯುವ ಜನಕ್ಕೂ ಎಡೆಮಾಡಿಕೊಟ್ಟಂತೆ ತೋರುವ ಸ್ಥಳವೇ ಮಂಚಿಕೇರಿ. ಯಲ್ಲಾಪುರ ತಾಲೂಕಿನ ಈ ಪುಟ್ಟ ಪೇಟೆ ನಾಟಕಪ್ರಿಯರಿಗೆ ಅಪರಿಚಿತವಲ್ಲ. ಹಾಸಣಗಿ, ಕಂಪ್ಲಿ, ಉಮ್ಮಚಗಿ ಮೊದಲಾದ ಸುತ್ತಣ ಗ್ರಾಮಗಳ ಹವ್ಯಕರು, ಸಿದ್ದಿಗಳು, ಗೌಳಿಗಳು, ಕರೇ ಒಕ್ಕಲಿಗರು, ನಾಮಧಾರಿಗಳು, ಮರಾಠಿಗರು ತಮ್ಮ ತಮ್ಮ ಕಾರ್ಯಾರ್ಥವಾಗಿ ಬಂದು ಕೂಡುವ ಎಡೆ ಇದು. ಯಲ್ಲಾಪುರಕ್ಕೆ ಪಟ್ಟಣ ಪಂಚಾಯತಿಯುಂಟು, ಶಿರಸಿಗೆ ನಗರಸಭೆಯುಂಟು. ಮಂಚಿಕೇರಿಯ ಸೀಮೆಯವರಿಗೆ ಅತ್ಯಂತ ಸಮೀಪದ ಸರಕಾರವೆಂದರೆ ಗ್ರಾಮ ಪಂಚಾಯತಿ. ದಿಲ್ಲಿಯ ಆಯವ್ಯಯವನ್ನು ಕುರಿತು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ಚರ್ಚಿಸಬಲ್ಲ ನಮ್ಮವರು, ತಮ್ಮ ಮನೆಯ ಮುಂದಣ ದೀಪವನ್ನು ಉರಿಸುವ ಈ ಬೊಕ್ಕಸಕ್ಕೆ ಹಣ ಎಲ್ಲಿಂದ ಬರುತ್ತದೆ, ಬಂದದ್ದು ಎತ್ತ ಹೋಗುತ್ತದೆ ಎಂಬುದನ್ನು ವಿಚಾರಿಸುವುದು ವಿರಳ. ಆ ಬೊಕ್ಕಸದ ಒಂದು ವರ್ಷದ ಬಾಳನ್ನು ಪರಿಚಯ ಮಾಡಿಕೊಡಬೇಕೆಂಬುದೇ ಈ ಬರಹದ ಉದ್ದೇಶ.

ಸಂಸ್ಥೆಯ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡವು 1956ರಲ್ಲಿ ಕನ್ನಡನಾಡು ಒಂದಾಗುವ ತನಕ ಮುಂಬಯಿಯ ಕಾನೂನುಗಳಂತೆಯೇ ನಡೆಯಿತು. ಏಕೀಕರಣದ ತರುವಾಯ 1959ರ ಮೈಸೂರು ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 1983ರ ಅಧಿನಿಯಮ ಮಂಡಲ ಪಂಚಾಯತಿಗಳನ್ನು ನಿರ್ಮಿಸಿತು. ಈ ಕೊನೆಯದನ್ನು ತಂದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನೆರೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯವರು ಎಂಬುದು ಈ ಸೀಮೆಯವರು ಅಭಿಮಾನದಿಂದ ನೆನೆಯತಕ್ಕ ಸಂಗತಿ. ಆ ಅಧಿನಿಯಮಕ್ಕೆ ಜೀವ ತುಂಬಿದವರು, ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಯಿಸಿ ‘ನೀರ್ ಸಾಬ್’ ಎಂದು ಜನಮನ್ನಣೆ ಪಡೆದ ಅಬ್ದುಲ್ ನಜೀರ್ ಸಾಬ್ ಅವರು. 1987ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ದೇಶದ ಸಂವಿಧಾನ ಆ ಹಾದಿಗೆ ಬರಲು ಮತ್ತೆ ಆರು ವರ್ಷ ಬೇಕಾದವು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಮರುತಿಂಗಳು 10ರಂದು ಕರ್ನಾಟಕದ ಈಗಿನ ಪಂಚಾಯತ್ ರಾಜ್ ಅಧಿನಿಯಮ ಬಂದಿತು. ಊರಿನ ಮುಖ್ಯಸ್ಥನನ್ನು ತೀರ ಹಳಬರು ಛೇರ್ಮನ್ ಎಂದು ಕರೆದರು, ಮಂಡಲದ ಕಾಲದಲ್ಲಿ ಪ್ರಧಾನ ಎಂದರು, ಈಗ ಅಧ್ಯಕ್ಷರು ಎನ್ನುತ್ತೇವೆ. 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರವಾದ ಮೇಲೆ ಆ ಕುರ್ಚಿಯಲ್ಲಿ ತಾಯಂದಿರು ಕುಳಿತಿರುವುದನ್ನು ಎಲ್ಲೆಡೆ ಕಾಣುತ್ತೇವೆ. ಬಯಲುಸೀಮೆಯಲ್ಲಿ 5 ಸಾವಿರದಿಂದ 7 ಸಾವಿರ ಜನಕ್ಕೆ ಒಂದು ಪಂಚಾಯತಿ ಎಂದು ವಿಧಿಸಿದ ಶಾಸನ, ಉತ್ತರ ಕನ್ನಡವೇ ಮೊದಲಾದ ಮಲೆನಾಡ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕೆಂದು ಸಡಿಲಿಸಿತು. ಮನೆಗೂ ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಗುಡ್ಡ ಇರುವ ನಾಡಿಗೆ ಇದು ನ್ಯಾಯವಾದ ಸಡಿಲಿಕೆಯೇ ಸರಿ.

ಬೊಕ್ಕಸದ ವರ್ಷ ಏಪ್ರಿಲ್ ಒಂದರಂದು ಹುಟ್ಟುತ್ತದೆ. ಮಲೆನಾಡಿನಲ್ಲಿ ಅದು ಸುಡುಬಿಸಿಲಿನ, ಬಾವಿಯ ತಳ ಕಾಣುವ ಕಾಲ. ಜೂನ್ ಬಂದರೆ ಹಗಲಿರುಳು ಸುರಿಯುವ ಮಳೆಯ ನಾಡಿನಲ್ಲಿ ಮೇ ತಿಂಗಳು ಕೊಡಕ್ಕೆ ನೀರಿಲ್ಲವೆಂದರೆ ಹೊರಗಿನವರು ನಂಬಲಾರರು. ಆದರೆ ಇಳಿಜಾರಿನ ನೆಲದಲ್ಲಿ ನಿಲ್ಲದೆ ಹರಿದುಹೋದ ನೀರನ್ನು ಬೇಸಗೆಯಲ್ಲಿ ಮರಳಿ ಕರೆಯುವ ಬಗೆ ಯಾವುದು? ಹಿಂದೆ ಗುಡ್ಡದ ಒರತೆಯಿಂದ ಅಡಿಕೆಯ ದಬ್ಬೆಯಲ್ಲಿ ಅಬ್ಬಿನೀರನ್ನು ಅಂಗಳಕ್ಕೆ ಇಳಿಸಿಕೊಂಡು ಬಾಳಿದ ಮನೆಗಳು ಇಂದು ನಲ್ಲಿಯನ್ನು ಕೇಳುತ್ತವೆ, ಕೇಳುವುದು ತಪ್ಪಲ್ಲ. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಯೋಜನೆ ಗ್ರಾಮೀಣರಲ್ಲಿ ತಲೆಗೆ ದಿನವೊಂದಕ್ಕೆ 55 ಲೀಟರ್ ನೀರನ್ನು ಮನೆಬಾಗಿಲಿಗೇ ಒದಗಿಸತಕ್ಕದ್ದೆಂದು ಗೊತ್ತುಮಾಡಿತು. ಬಯಲಿನ ಊರಿನಲ್ಲಿ ಒಂದು ಬೀದಿಗೆ ಕೊಳವೆ ಹಾಸಿದರೆ ಐವತ್ತು ಮನೆಗೆ ನೀರು ಮುಟ್ಟಬಹುದು. ಇಲ್ಲಿ ಅಷ್ಟೇ ಉದ್ದದ ಕೊಳವೆ ಮೂರು ಮನೆಯನ್ನು ಮುಟ್ಟಿ ಮುಗಿಯುವುದುಂಟು. ಕೊಳವೆ ಒಡೆದಲ್ಲಿಗೆ ನಡೆದು ಹೋಗಿ ಕಟ್ಟುವ, ಪಂಪಿನ ಗುಂಡಿ ಒತ್ತುವ, ಕರೆಂಟು ಬಂದ ಹೊತ್ತಿಗೆ ಎದ್ದುಹೋಗುವ ವಾಟರ್‌ಮನ್ನನ ಅಲ್ಪ ಸಂಬಳವೂ, ಪಂಪು ಮತ್ತು ಬೀದಿದೀಪಗಳಿಗಾಗಿ ವಿದ್ಯುತ್ ಕಂಪನಿಯಾದ ಹೆಸ್ಕಾಮಿಗೆ ಸಲ್ಲಬೇಕಾದ ಬಿಲ್ಲೂ ಈ ಬೊಕ್ಕಸದ ಮೇಲಿನ ಎರಡು ನಿತ್ಯಭಾರಗಳು.

ಮಳೆ ಹಿಡಿದ ಮೇಲೆ ನೀರಿನ ಚಿಂತೆ ಹೋಗಿ ಸಂಕದ ಚಿಂತೆ ಮೊದಲಾಗುತ್ತದೆ. ಹಳ್ಳದ ಮೇಲೆ ಅಡಿಕೆಮರದ ಕಾಂಡಗಳನ್ನೋ ಕಾಡುಮರದ ದಿಮ್ಮಿಗಳನ್ನೋ ಅಡ್ಡಲಾಗಿ ಹಾಸಿ, ಕೈಯಾಸರೆಗೆ ಬಿದಿರು ಕಟ್ಟಿದ ಕಾಲುಸಂಕವನ್ನು ದಾಟಿ, ಪಾಟಿಚೀಲವನ್ನು ಬೆನ್ನಿಗೇರಿಸಿ ಮಕ್ಕಳು ಶಾಲೆಗೆ ಹೋಗುವ ದೃಶ್ಯ ದೂರದಿಂದ ನೋಡುವವರಿಗೆ ರಮಣೀಯ. ಮನೆಯ ಜಗಲಿಯಲ್ಲಿ ನಿಂತು ಕೆಂಪುನೀರಿನ ಮೊರೆತವನ್ನು ಕೇಳುತ್ತ ಸಂಜೆಯ ತನಕ ಎಣಿಸುವ ತಾಯಿಗೆ ಅದು ದಿನದಿನದ ಎದೆಬಡಿತ. ಗ್ರಾಮಸಭೆಯಲ್ಲಿ ಮಲೆನಾಡಿನ ಮಜರೆಯೊಂದರ ಜನ ಎದ್ದುನಿಂತು ಕೇಳುವ ಮೊದಲ ಬೇಡಿಕೆ ಬಹುತೇಕ ಕಾಲುಸಂಕವೇ. ದೊಡ್ಡ ಸೇತುವೆಗಳ ಉದ್ಘಾಟನೆಗೆ ಪತ್ರಿಕೆಗಳಲ್ಲಿ ಚಿತ್ರ ಬರುವುದು. ನಾಲ್ಕು ಮನೆಗಳಿಗಾಗಿ ಕಟ್ಟಿದ ಒಂದು ಕಾಂಕ್ರೀಟು ಸಂಕಕ್ಕೆ ಯಾವ ಚಿತ್ರವೂ ಇಲ್ಲ. ಆದರೂ ನನ್ನ ಎಣಿಕೆಯಲ್ಲಿ, ಊರ ಬೊಕ್ಕಸದಿಂದ ವ್ಯಯವಾಗುವ ರೂಪಾಯಿಗಳಲ್ಲಿ ಅದಕ್ಕಿಂತ ಸಾರ್ಥಕವಾದ ರೂಪಾಯಿ ಬೇರೊಂದಿಲ್ಲ.

ಈ ವೆಚ್ಚಕ್ಕೆಲ್ಲ ಆದಾಯ ಯಾವುದು? ಪಂಚಾಯತಿಯ ಸ್ವಂತ ದುಡಿಮೆಯೆಂದರೆ ಮುಖ್ಯವಾಗಿ ಮನೆ, ಅಂಗಡಿ, ಗಿರಣಿಗಳ ಮೇಲಿನ ತೆರಿಗೆ. ಮುಂಬಯಿ ಆಡಳಿತದ ಕಾಲವನ್ನು ಕಂಡ ಹಿರಿಯರು ಇದನ್ನು ಘರಪಟ್ಟಿ ಎನ್ನುತ್ತಿದ್ದರು. ಅದರ ಜೊತೆಗೆ ನೀರಿನ ದರ, ಸಂತೆಯ ಶುಲ್ಕ, ಪರವಾನಿಗೆಯ ಶುಲ್ಕ. ತೆರಿಗೆಯ ರಸೀದಿಯಲ್ಲಿ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಪರಿಹಾರ ಎಂಬ ಹೆಸರಿನ ಕರಗಳೂ ಸೇರಿರುತ್ತವೆ; ನೂರು ರೂಪಾಯಿ ತೆರಿಗೆ ಕೊಟ್ಟವನು ಆರು ರೂಪಾಯಿಯನ್ನು ಪುಸ್ತಕಕ್ಕಾಗಿ ಕೊಟ್ಟಿರುತ್ತಾನೆಂಬುದು ಅವನಿಗೇ ತಿಳಿದಿರುವುದಿಲ್ಲ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತಿಗಳ ಕೈಗೇ ಬಂದವು, ಈಗ ‘ಅರಿವು ಕೇಂದ್ರ’ ಎಂಬ ಹೆಸರನ್ನೂ ಪಡೆದಿವೆ. ಕಥೆ, ನಾಟಕ, ತಾಳಮದ್ದಳೆಗಳಲ್ಲಿ ಇಷ್ಟೊಂದು ಆಸಕ್ತಿಯಿರುವ ಸೀಮೆಯಲ್ಲಿ ಆ ಆರು ರೂಪಾಯಿಯ ಋಣವನ್ನು ಓದಿ ತೀರಿಸತಕ್ಕವರು ಕಡಮೆಯಾಗಬಾರದು.

ಇಲ್ಲಿ ಮಲೆನಾಡಿಗೆ ವಿಶಿಷ್ಟವಾದ ಒಂದು ತೊಡಕನ್ನು ಓದುಗರು ಗಮನಿಸಬೇಕು. ಮಂಚಿಕೇರಿಯ ಸುತ್ತಣ ಸಂಪತ್ತೆಂದರೆ ಅಡಿಕೆತೋಟ, ಕಾಳುಮೆಣಸಿನ ಬಳ್ಳಿ, ಏಲಕ್ಕಿ, ಬಾಳೆ. ಆದರೆ ಸಾಗುವಳಿಯ ಭೂಮಿ ಪಂಚಾಯತಿಯ ತೆರಿಗೆಗೆ ಒಳಪಡುವುದಿಲ್ಲ. ಅದರ ಕಂದಾಯ ರಾಜ್ಯಕ್ಕೆ ಸಲ್ಲತಕ್ಕದ್ದು. ತೋಟದ ಆಚೆಗೆ ಸೊಪ್ಪಿನ ಬೆಟ್ಟ, ಬೆಟ್ಟದ ಆಚೆಗೆ ಅರಣ್ಯ; ಜಿಲ್ಲೆಯ ಮುಕ್ಕಾಲಿಗೂ ಮಿಕ್ಕ ನೆಲ ಅರಣ್ಯವಾಗಿರುವುದರಿಂದ ಅದರಿಂದಲೂ ಬೊಕ್ಕಸಕ್ಕೆ ಕಾಸಿಲ್ಲ. ಉಳಿದದ್ದು ಮನೆಗಳು. ಅವುಗಳಲ್ಲಿಯೂ ಅನೇಕವು ತಲೆಮಾರುಗಳಿಂದ ಅರಣ್ಯಭೂಮಿಯಲ್ಲಿ ನಿಂತಿರುವಂಥವು. ಮನೆಗೆ ಒಡೆಯನಿದ್ದಾನೆ, ನೆಲಕ್ಕೆ ಪಟ್ಟಾ ಇಲ್ಲ. ಪಂಚಾಯತಿಯ ಗಣಕೀಕೃತ ಆಸ್ತಿದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಎಂಬ ಆಸ್ತಿಪತ್ರವನ್ನು ಪಡೆಯಬೇಕೆಂದು ಬಂದ ಅಂಥವನು ಬರಿಗೈಯಲ್ಲಿ ಹಿಂದಿರುಗುತ್ತಾನೆ, ಕಾಗದವಿಲ್ಲದ ಮನೆಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಇಂಥವರ ಅರ್ಜಿಯನ್ನು ವಿಚಾರಿಸುವ ಮೊದಲ ಪೀಠವನ್ನಾಗಿ ಗ್ರಾಮಸಭೆಯನ್ನೇ ನಿಯಮಿಸಿತು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳಿಗೆ ಇದರಿಂದ ಹಾದಿ ಸುಲಭವಾಯಿತು. ಪಂಗಡಕ್ಕೆ ಸೇರದ ಇತರ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ಸಾಧಿಸಿ ತೋರಿಸಬೇಕು. ಕಾಗದವನ್ನೇ ಕಾಣದ ಅಜ್ಜನ ಕಾಲದ ವಾಸಕ್ಕೆ ಕಾಗದದ ಸಾಕ್ಷ್ಯವನ್ನು ಕೇಳುವುದು ಎಷ್ಟು ಕಠಿನವೆಂಬುದನ್ನು ಆ ಅರ್ಜಿ ಬರೆದವರೇ ಬಲ್ಲರು. ಒಟ್ಟಿನಲ್ಲಿ ನೆಲ ಹಸಿರು, ತೋಟ ಸಮೃದ್ಧ, ಪಂಚಾಯತಿ ಮಾತ್ರ ಬಡವಿ.

ಸ್ವಂತ ವರಮಾನ ಸಾಲದಾದುದರಿಂದ ಮೇಲಿನಿಂದ ಬರುವ ಹಣವೇ ಆಧಾರ. ರಾಜ್ಯದ ಶಾಸನಬದ್ಧ ಅನುದಾನ ಒಂದು. ಕೇಂದ್ರ ಹಣಕಾಸು ಆಯೋಗದ ಅನುದಾನ ಮತ್ತೊಂದು. 15ನೆಯ ಆಯೋಗವು 2021ರಿಂದ 2026ರ ತನಕ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಲ್ಲ ಸೇರಿ 2,36,805 ಕೋಟಿ ರೂಪಾಯಿಯನ್ನು ಗೊತ್ತುಮಾಡಿ, ಅದರಲ್ಲಿ ಶೇಕಡಾ 60ನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಹಾಕಿತು. ಉಳಿದ 40ರಲ್ಲಿ ಊರು ತನ್ನ ಇಷ್ಟದಂತೆ ಸಂಕವನ್ನೋ ರಸ್ತೆಯನ್ನೋ ಮಾಡಿಕೊಳ್ಳಬಹುದಾಗಿತ್ತು. ಉದ್ಯೋಗ ಖಾತರಿಯ ಅಧಿನಿಯಮ 2008ರ ಏಪ್ರಿಲ್ ಒಂದರಿಂದ ದೇಶದ ಗ್ರಾಮೀಣ ಜಿಲ್ಲೆಗಳಿಗೆಲ್ಲ ವಿಸ್ತರಿಸಿ, ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸವನ್ನು ಹಕ್ಕಾಗಿ ಮಾಡಿದಾಗ, ಇಂಗುಗುಂಡಿ, ಬಾವಿ, ಕೊಟ್ಟಿಗೆ, ತೋಟದ ಬಸಿಗಾಲುವೆ ಮುಂತಾದ ಕಾಮಗಾರಿಗಳ ಮೂಲಕ ಹಣ ನೇರವಾಗಿ ಮನೆಯ ಅಂಗಳಕ್ಕೆ ಬಂದಿತು. ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗಾಗಿ ಶೇಕಡಾ 24.10ನ್ನೂ ಅಂಗವಿಕಲರಿಗಾಗಿ ಶೇಕಡಾ 5ನ್ನೂ ತೆಗೆದಿರಿಸುವ ನಿಯಮವುಂಟು. ಬಡವಿಯ ಕೈಯೂ ತನಗಿಂತ ಬಡವರಿಗೆ ನೀಡಲೇಬೇಕು.

ಮಳೆ ಹಿಮ್ಮೆಟ್ಟುವ ಹೊತ್ತಿಗೆ ಮುಂದಿನ ವರ್ಷದ ಯೋಜನೆಯ ಮಾತು ಎದ್ದು ವಾರ್ಡುಸಭೆ, ಗ್ರಾಮಸಭೆಗಳು ನಡೆಯುತ್ತವೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕೂಡಲೇಬೇಕು. ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಮಂದಿ, ಇವೆರಡರಲ್ಲಿ ಕಡಮೆಯಾದಷ್ಟು ಜನರಾದರೂ ಇರಲೇಬೇಕು. ಅಡಿಕೆ ಕೊಯ್ಲು ಹತ್ತಿದ ಮೇಲೆ ಸಭೆ ಕರೆದರೆ ಕೊನೆಗಾರನೂ ಬರಲಾರ, ಅಡಿಕೆ ಸುಲಿಯುವವರೂ ಬರಲಾರರು, ಯಜಮಾನನೂ ಬರಲಾರ. ಅಡಿಕೆ ಒಣಗಿ ಮಾರಾಟವಾಗಿ ಕೈಯಲ್ಲಿ ನಾಲ್ಕು ಕಾಸು ಆಡುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕರವಸೂಲಿಗಾರ ರಸೀದಿಯ ಯಂತ್ರವನ್ನು ಹಿಡಿದು ಮನೆಮನೆಗೆ ನಡೆಯುತ್ತಾನೆ. ಅದೇ ದಿನಗಳಲ್ಲಿ ಮುಂದಿನ ವರ್ಷದ ಆಯವ್ಯಯ ಸಿದ್ಧವಾಗುತ್ತದೆ. ಹಣ ತೆಗೆಯಲು ಅಧ್ಯಕ್ಷರ ಸಹಿಯೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಸಹಿಯೂ ಒಟ್ಟಿಗೆ ಬೇಕು.

ಈ ಚಕ್ರದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದುದು ಜಮಾಬಂದಿ ಎಂಬ ಕಾರ್ಯ. ಹೆಸರು ಹಳೆಯದು. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿ ಬಂದು ರೈತ ರೈತನ ಭೂಮಿಗೂ ಕಂದಾಯ ಗೊತ್ತುಮಾಡತೊಡಗಿದಾಗಿನಿಂದ, ಜಮಾಬಂದಿಯೆಂದರೆ ಸರಕಾರದ ಅಧಿಕಾರಿ ಮೇಜಿನ ಹಿಂದೆ ಕುಳಿತು, ಕೈಮುಗಿದು ನಿಂತ ರೈತನ ಲೆಕ್ಕವನ್ನು ವರ್ಷಕ್ಕೊಮ್ಮೆ ಕೇಳುವ ದಿನವಾಗಿತ್ತು. ಇಂದಿನ ಪಂಚಾಯತಿಯ ಜಮಾಬಂದಿಯಲ್ಲಿ ಶಬ್ದ ಅದೇ ಉಳಿದು ಪಾತ್ರಗಳು ಅದಲುಬದಲಾಗಿವೆ: ಲೆಕ್ಕ ಒಪ್ಪಿಸತಕ್ಕದ್ದು ಪಂಚಾಯತಿ, ಕೇಳತಕ್ಕವನು ರೈತ. ಹಿಂದಿನ ವರ್ಷದ ನಗದು ಪುಸ್ತಕ, ಬಿಲ್ಲು, ವೋಚರು, ಕಾಮಗಾರಿಯ ಕಡತಗಳೆಲ್ಲ ಸಾರ್ವಜನಿಕರ ಮುಂದೆ ತೆರೆದಿರಬೇಕು. ತಾಲೂಕಿನಿಂದ ಬಂದ ಅಧಿಕಾರಿಯ ಎದುರಿನಲ್ಲಿ ಯಾವ ಗ್ರಾಮಸ್ಥನಾದರೂ ಅವನ್ನು ತಿರುವಿ ನೋಡಬಹುದು, ಪುಸ್ತಕದಲ್ಲಿರುವ ಸಂಕ ಹಳ್ಳದ ಮೇಲೆ ಇದೆಯೇ ಎಂದು ಹೋಗಿ ನೋಡಿರೆಂದು ಒತ್ತಾಯಿಸಬಹುದು. ಎರಡು ಶತಮಾನಗಳಲ್ಲಿ ಒಂದು ಶಬ್ದದ ಅರ್ಥ ಹೀಗೆ ತಲೆಕೆಳಗಾದುದು ನಮ್ಮ ಸ್ವಾತಂತ್ರ್ಯದ ಸಣ್ಣ ಫಲವೇನೂ ಅಲ್ಲ. ಆದರೆ ಖಾಲಿ ಕುರ್ಚಿಗಳ ಮುಂದೆ ಓದಿದ ಲೆಕ್ಕ ಲೆಕ್ಕವೆನಿಸಲಾರದು. ನಾಟಕಕ್ಕೆ ಇರುಳೆಲ್ಲ ನಿದ್ದೆಗೆಟ್ಟು ಕುಳಿತುಕೊಳ್ಳುವ ರಸಿಕರಿರುವ ಸೀಮೆಯಲ್ಲಿ, ತಮ್ಮದೇ ದುಡ್ಡಿನ ಕಥೆಯನ್ನು ಕೇಳಲು ಅರ್ಧ ಹಗಲು ಕೊಡುವವರು ಸಾಕಷ್ಟು ಮಂದಿ ಬರಬೇಡವೆ?

ಜಮಾಬಂದಿ ಸಾಮಾನ್ಯವಾಗಿ ಮಳೆಯ ಅಬ್ಬರ ಇಳಿಯುವ ದಿನಗಳಲ್ಲಿ ನಡೆಯುತ್ತದೆ. ದಿನವನ್ನು ಪಂಚಾಯತಿಯ ಸೂಚನಾಫಲಕದ ಮೇಲೆ ಅಂಟಿಸಿರುತ್ತಾರೆ. ಮಂಚಿಕೇರಿಯ ಪೇಟೆಗೆ ಬಂದಾಗ ಒಮ್ಮೆ ಆ ಫಲಕದ ಮುಂದೆ ನಿಂತು ನೋಡಿರಿ, ಆ ದಿನ ನಿಮ್ಮ ತೆರಿಗೆಯ ರಸೀದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ, ನಿಮ್ಮ ಕೇರಿಯ ಸಂಕದ ಲೆಕ್ಕವನ್ನು ಓದಿಸಿ ಕೇಳಿರಿ.