ನಾಯಿ ಕಚ್ಚಿದ ಮೇಲೆ ನರಕೋಶ ಉಳಿಯೋದು ಹೇಗೆ?

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಪ್ರಶ್ನೆಯಿಂದ.

ನಮ್ಮ ವಸಂತನರಸಾಪುರದಲ್ಲಿ ನೈಟ್ ಶಿಫ್ಟ್ ಮುಗಿಸ್ಕೊಂಡು ಬರ್ತಿದ್ದ ಗೆಳೆಯನೊಬ್ಬನ ಕಾಲಿಗೆ ಬೀದಿ ನಾಯಿ ಕಚ್ತು. ಮನೇಲಿ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಮೆತ್ತಿದ್ರು. ಮಾರನೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡ. ಎರಡನೇದೂ ಆಯ್ತು. ಆಮೇಲೆ ಶಿಫ್ಟ್ ಬದಲಾಯ್ತು, ಬಿಟ್ಟುಬಿಟ್ಟ. ಕೇಳಿದ್ರೆ, 'ಚೆನ್ನಾಗೇ ಇದೀನಲ್ಲ ಮಗಾ, ಇನ್ಯಾಕೆ?' ಅಂದ.

ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೆ ಓದ್ತಾ ಹೋದಂಗೆ ಒಂದು ವಿಷಯ ಗೊತ್ತಾಯ್ತು. ಅವನ 'ಚೆನ್ನಾಗಿದೀನಿ' ಅನ್ನೋ ದಿನಗಳೇ ರೇಬೀಸ್‌ನಲ್ಲಿ ನಮಗೆ ಸಿಗೋ ಒಂದೇ ಅವಕಾಶ.

ಹೇಗೆ ಅಂದ್ರೆ, ನಾಯಿಯ ಜೊಲ್ಲಿನಲ್ಲಿರೋ ವೈರಸ್ ಮೊದಲು ಗಾಯದ ಹತ್ರದ ಮಾಂಸಖಂಡದಲ್ಲೇ ಇರುತ್ತೆ. ಆಮೇಲೆ ನರದ ತುದಿಗೆ ಅಂಟ್ಕೊಂಡು ಒಳಗೆ ಹೋಗುತ್ತೆ. ನರಕೋಶದೊಳಗೆ ಸಾಮಾನು ಸಾಗಿಸೋಕೆ ಅದರದ್ದೇ ಒಂದು ವ್ಯವಸ್ಥೆ ಇದೆ. ವೈರಸ್ ಅದನ್ನೇ ಹತ್ತಿ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಸೇರುತ್ತೆ. ಕಚ್ಚಿದ ದಿನದಿಂದ ರೋಗ ಕಾಣಿಸೋಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು. ಕೆಲವರಲ್ಲಿ ಒಂದು ವಾರ, ಕೆಲವರಲ್ಲಿ ಒಂದು ವರ್ಷ. ಅಷ್ಟು ದಿನ ಮನುಷ್ಯ ಆರಾಮಾಗೇ ಇರ್ತಾನೆ.

ಎಲ್ಲ ವೈರಸ್ಸೂ ನರಕೋಶವನ್ನ ಒಂದೇ ಥರ ಹಾಳು ಮಾಡಲ್ಲ. ಕೋಲಾರ, ಮಂಡ್ಯ ಕಡೆ ಮಕ್ಕಳನ್ನ ಕಾಡಿದ ಮೆದುಳು ಜ್ವರ, ಅಂದ್ರೆ ಜಪಾನೀಸ್ ಎನ್ಸೆಫಲೈಟಿಸ್, ಕೋಶಗಳನ್ನ ನೇರವಾಗಿ ಸಾಯಿಸುತ್ತೆ. ಅದಕ್ಕೆ ಬರೋ ಉರಿಯೂತ ಪಕ್ಕದ ಕೋಶಗಳನ್ನೂ ಸುಡುತ್ತೆ. ರೇಬೀಸ್ ಹಾಗಲ್ಲ. ಅದಕ್ಕೆ ಮುಂದೆ ಹೋಗೋಕೆ ಜೀವಂತ ಕೋಶವೇ ಬೇಕು. ನಮ್ಮ ಕಡೆಯ ಮಾತಲ್ಲಿ ಹೇಳೋದಾದ್ರೆ, ಫ್ಯಾಕ್ಟರಿ ಕಟ್ಟಡ ಹಾಗೇ ಇದೆ, ಮಿಷನ್ ಓಡ್ತಿದೆ, ಆದ್ರೆ ತಯಾರಾಗ್ತಿರೋದು ಬೇರೆಯವನ ಮಾಲು. ಸತ್ತವರ ಮೆದುಳನ್ನ ನೋಡಿದ್ರೆ, ರೋಗದ ತೀವ್ರತೆಗೆ ಹೋಲಿಸಿದಾಗ ಸತ್ತ ಕೋಶಗಳು ಕಡಿಮೆ. ಕೋಶದೊಳಗೆ ಚಿಕ್ಕ ಚಿಕ್ಕ ಉಂಡೆಗಳು ಕಾಣುತ್ತವೆ. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಇದನ್ನ ವಿವರಿಸಿದ್ರು, ಅದಕ್ಕೇ ನೆಗ್ರಿ ಬಾಡಿ ಅಂತ ಹೆಸರು. ಕೋಶ ಬದುಕಿದ್ರೂ ಕೆಲಸ ಕೆಡುತ್ತೆ. ನೀರು ಕಂಡ್ರೆ ಗಂಟಲು ಸೆಳೆಯುತ್ತೆ, ಕೊನೆಗೆ ಉಸಿರು, ಹೃದಯ ನಡೆಸೋ ಭಾಗವೇ ಕೈಕೊಡುತ್ತೆ.

ಲಕ್ಷಣ ಶುರುವಾದ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಭಾರತದಲ್ಲೂ ಕೆಲವರು ಉಳಿದಿದ್ದಾರೆ, ಆದ್ರೆ ಹೆಚ್ಚಿನವರಿಗೆ ನರದ ತೊಂದರೆ ಉಳ್ಕೊಂಡಿದೆ. 2004ರಲ್ಲಿ ಅಮೆರಿಕದಲ್ಲಿ ಒಬ್ಬ ಹುಡುಗಿಯನ್ನ ಕೋಮಾದಲ್ಲಿಟ್ಟು ಉಳಿಸಿದ್ರು. ಅದೇ ವಿಧಾನ ಬೇರೆ ಕಡೆ ಬಹುತೇಕ ಸೋತಿದೆ.

ಹಾಗಾದ್ರೆ ನರಕೋಶವನ್ನ ಉಳಿಸೋದು ಯಾವುದು? ವೈರಸ್ ನರ ಸೇರೋಕೆ ಮುಂಚೆ ಮಾಡೋ ಮೂರು ಕೆಲಸ.

ಒಂದು, ಸೋಪು. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನ ಕರಗಿಸುತ್ತೆ. ನಲ್ಲಿ ಬಿಟ್ಟು 15 ನಿಮಿಷ ತೊಳೀಬೇಕು. ಸುಣ್ಣ, ಮೆಣಸಿನಪುಡಿ ಬೇಡವೇ ಬೇಡ, ಗಾಯ ಇನ್ನೂ ಕೆರಳುತ್ತೆ.

ಎರಡು, ಲಸಿಕೆ. ಚರ್ಮದೊಳಗೆ ಕೊಟ್ರೆ 0, 3, 7, 28ನೇ ದಿನ. ಮಾಂಸಖಂಡಕ್ಕೆ ಕೊಟ್ರೆ 14ನೇ ದಿನ ಇನ್ನೊಂದು ಸೇರುತ್ತೆ. ಮೊದಲ ಡೋಸ್ ಹಾಕಿಸಿದ ದಿನವೇ ಸೊನ್ನೆ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನೋ ಭಯ ಬಿಡಿ. ಅದು ಕುರಿ ಮೆದುಳಿನಿಂದ ಮಾಡ್ತಿದ್ದ ಹಳೇ ಲಸಿಕೆ, ಕೆಲವರ ನರಗಳಿಗೆ ಅದೇ ತೊಂದರೆ ಕೊಡ್ತಿತ್ತು. ಈಗ ಅದು ಬಳಕೆಯಲ್ಲೇ ಇಲ್ಲ.

ಮೂರು, ಇಮ್ಯುನೊಗ್ಲಾಬ್ಯುಲಿನ್. ಲಸಿಕೆಯಿಂದ ದೇಹವೇ ಪ್ರತಿಕಾಯ ತಯಾರಿಸೋಕೆ ಒಂದೆರಡು ವಾರ ಬೇಕು. ರಕ್ತ ಬಂದಿರೋ ಗಾಯ ಆದ್ರೆ ಅಷ್ಟು ಕಾಯೋಕಾಗಲ್ಲ, ಅದಕ್ಕೆ ಸಿದ್ಧ ಪ್ರತಿಕಾಯವನ್ನ ಗಾಯದ ಸುತ್ತಲೇ ಚುಚ್ತಾರೆ. ಮೊದಲ ಲಸಿಕೆಯಾಗಿ ಏಳು ದಿನದೊಳಗೇ ಆಗ್ಬೇಕು. ಇದನ್ನ ಬಾಯಿಬಿಟ್ಟು ಕೇಳಿ. ಒಮ್ಮೆ ವೈರಸ್ ಮೆದುಳು ಸೇರಿದ್ರೆ, ರಕ್ತದಲ್ಲಿರೋ ಪ್ರತಿಕಾಯ ಅಲ್ಲಿಗೆ ಸರಿಯಾಗಿ ತಲುಪೋದೇ ಇಲ್ಲ.

2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಮನುಷ್ಯರ ರೇಬೀಸನ್ನ ಕಡ್ಡಾಯವಾಗಿ ವರದಿ ಮಾಡ್ಬೇಕಾದ ರೋಗ ಅಂತ ಘೋಷಿಸಿತು. ರೋಗ ಪತ್ತೆ ಮಾಡೋಕೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಲ್ಯಾಬ್ ನಮ್ಮ ಹತ್ರಾನೇ ಇದೆ. ಆದ್ರೆ ಲ್ಯಾಬ್‌ವರೆಗೂ ಹೋಗೋ ಪರಿಸ್ಥಿತಿ ಯಾಕೆ ಬರ್ಬೇಕು?

ಗೆಳೆಯನಿಗೆ ಇಷ್ಟನ್ನೂ ಹೇಳಿದೆ. 'ತಪ್ಪಿದ್ದು ತಪ್ಪೋಯ್ತಲ್ಲ, ಮತ್ತೆ ಮೊದಲಿಂದ ಶುರು ಮಾಡ್ಬೇಕಾ?' ಅಂದ. ಬೇಡ, ಬಿಟ್ಟಲ್ಲಿಂದ ಮುಂದುವರಿಸಿದ್ರೆ ಸಾಕು. ಮಾರನೇ ದಿನ ಬೈಕಲ್ಲಿ ನಾನೇ ಕರ್ಕೊಂಡು ಹೋದೆ. ನಿಮ್ಮ ಲೈನಲ್ಲೂ, ನಿಮ್ಮ ರೂಮಲ್ಲೂ ಹೀಗೆ ಅರ್ಧಕ್ಕೆ ಬಿಟ್ಟವರು ಇರಬಹುದು. ಒಂದು ಸಲ ಕೇಳಿ ನೋಡಿ. ಮುಂದಿನ ವಾರ ಸಿಗೋಣ.