ಸ್ಲೈಡಿನಲ್ಲಿ ಎಷ್ಟು ಬರೆಯಬೇಕು?

ಪ್ರಶ್ನೆ: ಕುಮಟಾದ ಸಿಹಿ ಈರುಳ್ಳಿಯನ್ನು ಬೆಂಗಳೂರಿನಲ್ಲಿ ಮಾರುವ ಸ್ಟಾರ್ಟಪ್ ನಮ್ಮದು. ಹೂಡಿಕೆದಾರರಿಗೆ ತೋರಿಸುವ ಸ್ಲೈಡು ಹೇಗಿರಬೇಕು?

ಉತ್ತರ: ಅಮೆರಿಕದ ಹೂಡಿಕೆದಾರ ಗೈ ಕವಾಸಾಕಿ ಕೊಟ್ಟ ಲೆಕ್ಕ ಈಗಲೂ ಒಳ್ಳೆಯದೇ: 10 ಸ್ಲೈಡು, 20 ನಿಮಿಷ, 30 ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರ. ಇವುಗಳಲ್ಲಿ ಅಕ್ಷರದ ಗಾತ್ರವೇ ಮುಖ್ಯ ಎನ್ನುತ್ತೇನೆ. ಅದು ದೊಡ್ಡದಾದರೆ ಬರಹ ತಾನಾಗಿ ಕಡಿಮೆಯಾಗುತ್ತದೆ. ಓದುತ್ತಲೇ ನಿಮ್ಮ ಮಾತನ್ನೂ ಕೇಳುವುದು ಯಾರಿಗೂ ಕಷ್ಟ. ಕನ್ನಡದಲ್ಲಿ ಬರೆದರೆ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಿ.

ಅಂತರ್ಜಾಲದ ಸಿದ್ಧಚಿತ್ರ ದಯವಿಟ್ಟು ಬೇಡ. ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿದ ನಿಮ್ಮೂರ ಈರುಳ್ಳಿಯ ಫೋಟೋ ಇಡೀ ಸ್ಲೈಡು ತುಂಬಲಿ. ಅದರ ಬಣ್ಣವನ್ನು ಮುಖ್ಯ ಅಂಕಿಗೆ ಮಾತ್ರ ಕೊಡಿ. ಬೇಸಿಗೆಯ ಬೆಳೆ ಮುಗಿದ ಮೇಲೆ ಏನು ಮಾರುತ್ತೀರಿ ಎಂಬುದಕ್ಕೆ ಒಂದು ಪೂರ್ತಿ ಸ್ಲೈಡು ಮೀಸಲಿಡಿ. ಆ ಪ್ರಶ್ನೆ ಬಂದೇ ಬರುತ್ತದೆ.